ಬ್ಯಾಂಕಾಕಿನಲ್ಲಿ ‘ಬ್ಯಾಡ’ ಅಂದದ್ದು

ಇವತ್ತು ಬೆಳಿಗ್ಗೆ ಟೊರಾಂಟೊದ ಎಟೋಬಿಕೋದಲ್ಲಿರುವ ನಮ್ಮ ಮನೆ ಹತ್ತಿರದ ತರಕಾರಿ ಅಂಗಡಿಯಲ್ಲಿ ನಿಂಬೆವಾಸನೆಯ ಮಜ್ಜಿಗೆಹುಲ್ಲಿನ ಕಟ್ಟೊಂದನ್ನು ಮೂಗಿಗೆ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕೊತ್ತಂಬರಿ ಜೋಡಿಸುತ್ತಿದ್ದ ಹುಡುಗಿ ಹತ್ತಿರ ಬಂದು “ನೀಡ್ ಎನಿ ಹೆಲ್ಪ್?” ಎಂದಳು. “ನೋ, ನೋ” ಅಂದೆ. ಅವಳು ಹೋಗಿಬಿಟ್ಟಳು. ನಿಜ ಹೇಳಬೇಕೆಂದರೆ ನನಗೆ ಸಹಾಯ ಬೇಕೇ ಇತ್ತು. ಆ ಹುಲ್ಲನ್ನು ಕುಟ್ಟಿ ಹಾಕಬೇಕೋ ಇಡಿಯಾಗಿ ಕುದಿಸಬೇಕೋ ಎಂಬುದು ನನಗೆ ಇವತ್ತಿಗೂ ತಿಳಿಯದು.

ಆ ವಾಸನೆ ಬಂದರೆ ನಾನು ಎಟೋಬಿಕೋದಲ್ಲಿ ಇರುವುದಿಲ್ಲ. ಬ್ಯಾಂಕಾಕಿನ ಯಾವುದೋ ಗಲ್ಲಿಯಲ್ಲಿ, ಬೆನ್ನಿಗೆ ಚೀಲ ಹೊತ್ತು, ಎಡಕ್ಕೆ ಹೋಗಬೇಕೋ ಬಲಕ್ಕೋ ಎಂದು ಕಣ್ಣು ಕಣ್ಣು ಬಿಡುತ್ತಿರುತ್ತೇನೆ. ನಗಬೇಡಿ. ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮಂಡಿನೋವಿನ ಮುಲಾಮು ಸಮೇತ, ನಾನೂ ಬ್ಯಾಕ್‌ಪ್ಯಾಕರ್ ಆಗಿದ್ದೆ. ಮೂರೇ ದಿನ. ಆಗಬೇಕಾಗಿದ್ದು ಹತ್ತು ದಿನ.

ಮಗಳು ಅನು ಓದು ಮುಗಿಸಿದ್ದಳು. ಟೊರಾಂಟೊದ ಉತ್ತರಕ್ಕಿರುವ ಯೂನಿಯನ್‌ವಿಲ್‌ನಲ್ಲಿ ಕೆಲಸ ಸಿಕ್ಕಿತ್ತು, ಅದರಾಚೆಯ ಅರೋರಾದಲ್ಲಿ ಗೆಳತಿಯ ಜೊತೆ ಮನೆಯನ್ನೂ ನೋಡಿಟ್ಟಿದ್ದಳು. ನಡುವೆ ಒಂದು ತಿಂಗಳು ಖಾಲಿ. ಚೀಲ ಹೊತ್ತು ಥಾಯ್ಲೆಂಡ್, ಲಾವೋಸ್ ಸುತ್ತುತ್ತೇನೆ, ಮೊದಲ ಹತ್ತು ದಿನ ಅಮ್ಮ ನನ್ನ ಜೊತೆ ಬರಲಿ ಎಂದಳು. ಅದಾದ ಮೇಲೆ ಅವಳು ನಮ್ಮ ಮನೆಗೆ ಬಂದರೆ ನೆಂಟರ ಹಾಗೆ ಬರುವವಳು. ಆ ಹತ್ತು ದಿನ ನನಗೆ ಎಷ್ಟು ಬೇಕಾಗಿತ್ತೆಂದರೆ, ಕೇಳಿದ ಕೂಡಲೇ ನನ್ನ ಬಾಯಿಂದ ಬಂದದ್ದು, “ನಾ ಯಾಕವ್ವಾ? ಬ್ಯಾಡ. ನೀ ಹೋಗಿ ಬಾ.”

ಇದು ನಮ್ಮ ಹುಬ್ಬಳ್ಳಿ ಕಡೆಯವರ ರೋಗ. ಹಸಿವಿನಿಂದ ಹೊಟ್ಟೆ ತಾಳ ಹಾಕುತ್ತಿದ್ದರೂ ಪರರ ಮನೆಯಲ್ಲಿ ಮೊದಲ ಸಲಕ್ಕೆ “ಹೂಂ” ಅನ್ನುವಂತಿಲ್ಲ. “ಊಟ ಮಾಡ್ರಿ” ಅಂದರೆ “ಈಗ ಆತ್ರಿ”. “ಒಂದ ರೊಟ್ಟಿ” ಅಂದರೆ “ಬ್ಯಾಡ್ರೀ, ಹೊಟ್ಟಿ ತುಂಬೈತಿ”. ಮೂರನೆಯ ಸಲ ಅವರು ಕೈಹಿಡಿದು ಕೂರಿಸಿದ ಮೇಲೆ ಐದು ರೊಟ್ಟಿ ಮುರಿಯುವುದು. ನಮ್ಮ ದೊಡ್ಡಮಾವನೊಬ್ಬರು ಬೀಗರ ಮನೆಯಲ್ಲಿ ಒಮ್ಮೆ “ಸಾಕ್ರಿ” ಅಂದಾಗ ಅವರು ಸಾಕೆಂದೇ ತಿಳಿದು ತಾಟು ತೆಗೆದುಬಿಟ್ಟರಂತೆ. ಆ ಅವಮಾನದ ಕಥೆಯನ್ನು ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಕೇಳಿದ್ದೇನೆ. ಬೀಗರ ತಪ್ಪೆಂದೇ ಹೇಳುತ್ತಿದ್ದರು. ಮಾವನ ತಪ್ಪೂ ಇರಬಹುದೆಂದು ಯಾರೂ ಅನ್ನಲಿಲ್ಲ.

ಅವತ್ತು ನಮ್ಮ ಮನೆಯವರು ಸೋಫಾದಿಂದಲೇ ತೀರ್ಪು ಕೊಟ್ಟರು. “ಅನೂ, ಟಿಕೆಟ್ ತಗದುಬಿಡು. ನಿಮ್ಮವ್ವ ಬ್ಯಾಡ ಅಂದ್ರ ಬೇಕು ಅಂತ ಅರ್ಥ.”

“ದಟ್ ಮೇಕ್ಸ್ ನೋ ಸೆನ್ಸ್, ಅಪ್ಪಾ” ಎಂದಳು ಅನು. ಆದರೂ ಟಿಕೆಟ್ ತೆಗೆದಳು.

ಬ್ಯಾಂಕಾಕು ನನ್ನ ತಲೆ ಕೆಡಿಸಿತು. ಇಳಿದ ದಿನವೇ ಅಂಗಡಿಯಲ್ಲಿ ಹಾಲಿನ ಡಬ್ಬಿ ಕೊಂಡು ತಾರೀಖು ನೋಡಿದರೆ ಐದುನೂರಕ್ಕೂ ಹೆಚ್ಚು ವರ್ಷ ಮುಂದಿನ ಇಸವಿ! ಅವರದು ಬುದ್ಧನ ಲೆಕ್ಕದ ಇಸವಿಯೆಂದು ಅನು ಫೋನಿನಲ್ಲಿ ಹುಡುಕಿ ಹೇಳುವವರೆಗೆ ಆ ಹಾಲನ್ನು ಕುಡಿಯುವ ಧೈರ್ಯ ಬರಲಿಲ್ಲ. ರಸ್ತೆ ದಾಟಲು ನಿಂತರೆ ಅಲ್ಲಿ ಗಾಡಿಗಳು ನಮ್ಮೂರಿನ ಹಾಗೆ ಎಡಕ್ಕೆ ಓಡುತ್ತವೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ನೀರು ಕುಡಿದಷ್ಟು ಸುಲಭ ಆಗಬೇಕಿತ್ತು. ಆದರೆ ಇಪ್ಪತ್ತಾರು ವರ್ಷ ಕೆನಡಾದಲ್ಲಿ ಇದ್ದ ಕುತ್ತಿಗೆ ಎಡಕ್ಕೇ ತಿರುಗುತ್ತಿತ್ತು, ಗಾಡಿ ಬಲದಿಂದ ಬರುತ್ತಿತ್ತು. ಪಾದಚಾರಿ ದಾರಿಯ ಮೇಲೂ ಮೋಟರ್‌ಸೈಕಲ್ಲು. ಅನು ನನ್ನ ತೋಳು ಹಿಡಿದು ದಾಟಿಸುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ನಮ್ಮ ಟೊರಾಂಟೊದ ಕಿಪ್ಲಿಂಗ್ ಸ್ಟೇಷನ್ನಿನಲ್ಲಿ ನಾನು ಹಿಡಿಯುತ್ತಿದ್ದ ಹಾಗೆಯೇ.

ಚೀಲ ಹೊತ್ತು ಸುತ್ತುವವರು ತಂಗುವ ಹಾಸ್ಟೆಲಿನಲ್ಲಿ ಒಂದು ಕೋಣೆಗೆ ಎಂಟು ಮಂದಿ, ನನಗೆ ಸಿಕ್ಕಿದ್ದು ಮೇಲಿನ ಹಾಸಿಗೆ. ಏಣಿ ಹತ್ತುವಾಗ ಚೀಲದೊಳಗಿನ ಒಣ ಜೋಳದ ಕಟಕರೊಟ್ಟಿ ಪುಡಿಯಾಗುವ ಸದ್ದು ಎಲ್ಲರಿಗೂ ಕೇಳಿಸಿತು. ಎರಡನೆಯ ದಿನ ಬೆಳಿಗ್ಗೆ ಕೌಂಟರಿನ ಹೆಂಗಸು ಮಾವಿನಹಣ್ಣಿನ ಹೋಳು, ತೆಂಗಿನಹಾಲು ಹಾಕಿದ ಅಂಟನ್ನದ ತಟ್ಟೆ ಹಿಡಿದು ನನ್ನ ಮುಂದೆ ನಿಂತಳು. ಎಲ್ಲದರಲ್ಲೂ ಮೀನಿನ ರಸ ಇರುತ್ತದೆಂದು ಹೆದರಿ ಹಿಂದಿನ ದಿನವೆಲ್ಲ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಜೊತೆ ರೊಟ್ಟಿಪುಡಿ ಮುಕ್ಕಿದ್ದ ನನ್ನ ಬಾಯಲ್ಲಿ ನೀರೂರಿತು. “ನೋ, ನೋ, ಥ್ಯಾಂಕ್ಯೂ” ಅಂದೆ. ಅವಳು ನಕ್ಕು ಜರ್ಮನ್ ಹುಡುಗನೊಬ್ಬನಿಗೆ ಕೊಟ್ಟಳು. ಅವನು ಒಂದೇ ಮಾತಿಗೆ ತೆಗೆದುಕೊಂಡ. ಅವನು ತಿಂದು ಮುಗಿಸುವವರೆಗೂ ನನಗೆ ಅಲ್ಲಿಂದ ಏಳಲು ಮನಸ್ಸಾಗಲಿಲ್ಲ.

ಅವತ್ತು ಸಂಜೆ ಕಂಬಗಳ ಮೇಲೆ ಓಡುವ ರೈಲಿನ ನಿಲ್ದಾಣದಲ್ಲಿ ಜನಜಾತ್ರೆ ನೆರೆದಿತ್ತು. ಅನು ಎರಡು ಹೆಜ್ಜೆ ಹಿಂದೆ ಇದ್ದಳು. ಇದ್ದಕ್ಕಿದ್ದಂತೆ ಧ್ವನಿವರ್ಧಕದಲ್ಲಿ ಹಾಡು ಶುರುವಾಯಿತು, ಅಷ್ಟೂ ಜನ ನಿಂತಲ್ಲೇ ನಿಂತುಬಿಟ್ಟರು. ಫೋನು ನೋಡುತ್ತಿದ್ದವರು, ಹಣ್ಣು ತಿನ್ನುತ್ತಿದ್ದವರು, ಎಲ್ಲರೂ. ದಾರಿ ಬಿಟ್ಟರು ಎಂದುಕೊಂಡು ನಾನು ಸರಸರ ನಡೆದೆ. ಅದು ಅವರ ರಾಷ್ಟ್ರಗೀತೆ, ಸಂಜೆ ಆರಕ್ಕೆ ಹಾಕುತ್ತಾರೆ ಎಂದು ನನಗೆ ಯಾರು ಹೇಳಬೇಕು? ಮೆಟ್ಟಿಲು ಇಳಿದು ಹಿಂದೆ ತಿರುಗುವಷ್ಟರಲ್ಲಿ ಹಾಡು ಮುಗಿದು ಜನವೆಲ್ಲ ಒಮ್ಮೆಲೇ ಹರಿದು ಬಂದರು. ಅನು ಕಾಣಲಿಲ್ಲ. ಅಲ್ಲಿಯ ಸಿಮ್ ಇದ್ದದ್ದು ಅವಳ ಫೋನಿಗೆ ಮಾತ್ರ.

ಮುಕ್ಕಾಲು ಗಂಟೆ. ಮೆಟ್ಟಿಲ ಬುಡದಲ್ಲಿ ಒಬ್ಬ ಮುದುಕಿ ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆಹುಲ್ಲು ಕುದಿಸಿ ಷರಬತ್ತು ಮಾರುತ್ತಿದ್ದಳು. ಆ ಹಬೆಯಲ್ಲಿ ನಾನು ನಿಂತೇ ಇದ್ದೆ. ಮೊದಮೊದಲು ನನ್ನ ಬಗ್ಗೆ ಹೆದರಿಕೆಯಾಯಿತು, ಆಮೇಲೆ ಅನೂನ ಬಗ್ಗೆ. ಅನು ಬಂದಾಗ ಮುಖ ಕೆಂಪಾಗಿತ್ತು.

“ಯು ಕಾಂಟ್ ಜಸ್ಟ್ ಕೀಪ್ ವಾಕಿಂಗ್, ಅಮ್ಮಾ! ಎಲ್ಲಾರೂ ನಿಂತಿದ್ರು! ಐ ವಾಸ್ ಶೌಟಿಂಗ್!”

ಹಾಸ್ಟೆಲಿಗೆ ಬಂದು ಕೆಳಗಿನ ಬೆಂಚಿನ ಮೇಲೆ ಕೂತೆವು. ಮನಸ್ಸಿಗೆ ನೋವಾಗಿತ್ತು, ನಾನು ಅವಳ ಬೆನ್ನಿಗೆ ಇನ್ನೊಂದು ಚೀಲವಾಗಿದ್ದೇನೆ ಅನ್ನಿಸಿತ್ತು. ಬೇಡ ಅಮ್ಮಾ, ಹಾಗನ್ನಬೇಡ ಎಂದು ಅವಳು ಹೇಳುವುದು ಕೇಳಬೇಕಾಗಿತ್ತು. ಅದನ್ನು ಕೇಳುವುದಕ್ಕೆ ನನಗೆ ಗೊತ್ತಿದ್ದ ದಾರಿ ಒಂದೇ.

“ನನ್ನಿಂದ ನಿನಗ ತ್ರಾಸು, ಅನೂ. ನಾ ವಾಪಸ್ ಹೊಂಟಬಿಡ್ತೀನಿ. ನೀ ಆರಾಮ ತಿರುಗ್ಯಾಡು.”

ಅವಳು ಬಹಳ ಹೊತ್ತು ಉಗುರು ನೋಡಿಕೊಂಡಳು. “ಈಸ್ ದಟ್ ವಾಟ್ ಯು ವಾಂಟ್?”

“ಹೂಂ. ಅದ ಚಲೋ.”

“ಆರ್ ಯು ಶೂರ್?”

“ಹೂಂ.”

ಮೂರನೆಯ ಸಲ ಕೇಳುತ್ತಾಳೆಂದು ಕಾದೆ. ಈಗ ಕೇಳುತ್ತಾಳೆ, ನಾನು ಒಂದು ಗಳಿಗೆ ಮುಖ ತಿರುಗಿಸಿ, “ಆತು ಬಿಡು, ನೀ ಇಷ್ಟು ಅಂತಿ ಅಂದ್ರ” ಅನ್ನುತ್ತೇನೆ ಎಂದು ಮಾತನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕೂತೆ. ಅವಳು ಫೋನು ತೆಗೆದು ಟಿಕೆಟ್ ಬದಲಿಸಿದಳು.

ಮರುದಿನ ಅವಳೇ ವಿಮಾನ ನಿಲ್ದಾಣಕ್ಕೆ ಬಂದಳು, ನನ್ನ ಚೀಲ ತಾನೇ ಹೊತ್ತಳು. ಇಬ್ಬರೂ ಬಹಳ ಮರ್ಯಾದೆಯಿಂದ ನಡೆದುಕೊಂಡೆವು. ನೀರು ಕುಡಿ ಅಂದೆ. ಮೆಸೇಜ್ ಮಾಡು ಅಂದಳು. ಬಾಗಿಲ ಒಳಗೆ ಹೋಗಿ ತಿರುಗಿ ನೋಡಿದಾಗ ಅವಳು ಇನ್ನೂ ನಿಂತಿದ್ದಳು. ಆಗಲೂ ವಾಪಸು ಓಡಿ ಹೋಗಬಹುದಿತ್ತು. ಏನೆಂದು ಹೇಳಿ ಓಡುವುದು, ಅದೇ ತಿಳಿಯಲಿಲ್ಲ.

ಟೊರಾಂಟೊದಲ್ಲಿ ಇಳಿದಾಗ ನಮ್ಮ ಮನೆಯವರು ನನ್ನ ಮುಖ ನೋಡಿದವರೇ, “ಯಾಕ ಬಂದಿ?” ಎಂದರು.

“ಅಕಿ ಇರು ಅನ್ನಲಿಲ್ಲ.”

“ಅಕಿ ನನಗ ಫೋನ್ ಮಾಡಿ ಅಳಾಕತ್ತಿದ್ಲು. ಅಮ್ಮಗ ನನ್ನ ಕೂಡ ಇರಾಕ ಮನಸ್ಸಿಲ್ಲ, ಎರಡು ಸಲ ಕೇಳಿದೆ, ಎರಡು ಸಲಾನೂ ಹೋಗ್ತೀನಿ ಅಂದ್ಲು ಅಂತ.”

ಕಾರಿನ ಹತ್ತಿರ ನಿಂತು ನಾನು ಅತ್ತೆ. ಅವರು ಪಾಪ, ಟ್ರಾಲಿ ಹಿಡಿದು ನಿಂತಿದ್ದರು. ಮನೆ ಮುಟ್ಟಿ ಫೋನು ಮಾಡಿದರೆ ಅನು ಉತ್ತರದ ಕಡೆ ಹೋಗುವ ಬಸ್ಸಿನಲ್ಲಿದ್ದಳು. “ಇಟ್ಸ್ ಓಕೆ, ಅಮ್ಮಾ, ಇಟ್ಸ್ ಓಕೆ” ಅಂದಳು, ಅಷ್ಟರಲ್ಲಿ ಲೈನು ಕಡಿದುಹೋಯಿತು. ಉಳಿದ ಏಳು ದಿನ ನಾನು ಇಲ್ಲಿ ಅಡಿಗೆಮನೆಯ ಕಪಾಟು ಸ್ವಚ್ಛ ಮಾಡಿದೆ. ತಿಂಗಳ ಕೊನೆಗೆ ಅವಳು ಬಂದು, ಸಾಮಾನು ಕಟ್ಟಿಕೊಂಡು ಅರೋರಾಕ್ಕೆ ಹೋದಳು. ಬ್ಯಾಂಕಾಕಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎರಡು ವರ್ಷವಾಯಿತು.

ತಪ್ಪು ಯಾರದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹೇಳಿದ್ದನ್ನು ಹೇಳಿದ ಹಾಗೆಯೇ ನಂಬಬೇಕೆಂದು ಆ ಹುಡುಗಿಗೆ ಇಲ್ಲಿಯ ಶಾಲೆ ಕಲಿಸಿತು. ಬೇಡ ಅಂದರೆ ಬೇಡ, ಒತ್ತಾಯ ಮಾಡಬಾರದು. ಅದು ಒಳ್ಳೆಯ ಪಾಠವೇ. ಅವಳು ನನಗೆ ಗೌರವ ಕೊಟ್ಟಳು, ನನಗೆ ಬೇಕಾಗಿದ್ದದ್ದು ಒತ್ತಾಯ. ಇದನ್ನು ಯಾವ ಭಾಷೆಯಲ್ಲಿ ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ.

ಇವತ್ತು ಅಂಗಡಿಯಿಂದ ಹೊರಗೆ ಬಂದು ಕಾರಿನಲ್ಲಿ ಕೂತಿದ್ದೆ. ಅನೂನ ಫೋನು ಬಂತು.

“ಅಮ್ಮಾ, ಲಾಂಗ್ ವೀಕೆಂಡಿಗೆ ಕ್ಯಾಂಪಿಂಗ್ ಹೊಂಟೀನಿ. ಟೆಂಟ್, ಸೊಳ್ಳಿ, ಎಲ್ಲಾ ಇರ್ತಾವ. ನಿನಗ ಸೇರೂದಿಲ್ಲೇನೋ. ಡು ಯು ವಾಂಟ್ ಟು ಕಮ್?”

‘ನಾ ಯಾಕವ್ವಾ’ ಎಂಬುದು ಗಂಟಲವರೆಗೆ ಬಂತು. ಅದನ್ನು ನುಂಗಿಕೊಳ್ಳುವುದಕ್ಕೆ ನಾನು ಪಟ್ಟ ಕಷ್ಟ ದೇವರಿಗೇ ಗೊತ್ತು.

“ಬರ್ತೀನಿ” ಅಂದೆ.

ಒತ್ತಾಯ ಮಾಡಲೆಂದೇ ತಯಾರಾಗಿದ್ದವಳಿಗೆ ನಾನು ಒಂದೇ ಮಾತಿಗೆ ಒಪ್ಪಿದ್ದು ತಿಳಿಯಲಿಲ್ಲವೆಂದು ಕಾಣುತ್ತದೆ. ಅಪ್ಪ ಹೇಳಿಕೊಟ್ಟದ್ದೋ, ತಾನೇ ಕಲಿತದ್ದೋ, ಕೆಮ್ಮಿ, ಮೆಲ್ಲಗೆ, “ಬಾ ಅಮ್ಮಾ, ಪ್ಲೀಸ್” ಅಂದಳು.

“ಬರ್ತೀನಿ ಅಂದೆ.”

“ಇಲ್ಲ ಅಮ್ಮಾ, ನೀ ಬರಲೇಬೇಕು” ಅಂದಳು.

ಎಣಿಸಿದೆ. ಅದು ಮೂರನೆಯದು. ನನಗೆ ಕಾರಿನ ಗಾಜು ಮಸುಕಾಗಿ ಕಂಡಿತು. “ಹೂಂ” ಅಂದೆ.