ದ್ರಾಕ್ಷಾಯಣಿಯ ತೂಕ

ಹಳಿಯಾಳದ ಕುಸ್ತಿ ತಾಲೀಮಿನ್ಯಾಗ ದ್ರಾಕ್ಷಾಯಣಿಗೆ ‘ಐವತ್ಮೂರು’ ಅಂತನ ಹೆಸರಿತ್ತು. ಅಕಿ ಮೈ ತೂಕ ಅದು, ಮ್ಯಾಟ್ ಮ್ಯಾಲ ಕುಸ್ತಿ ಹಿಡಿಯೂ ವರ್ಗನೂ ಅದ. ಮದುವಿ ಆಗಿ ಮುಂಡಗೋಡದ ಕಡೆ ಪಾಳಾ ಅನ್ನೂ ಊರಿಗೆ ಹೋದ ಮ್ಯಾಲೂ, ಗಂಡ ರುದ್ರೇಶನ ಬೈಕಿನ ಹಿಂದ ಕುಂತು ಬಂದು ಕುಸ್ತಿ ಹಿಡದು ಹೋಗ್ತಿದ್ಲು. ಆಮ್ಯಾಲ ಬಸರಾದ್ಲು, ಹಡದ್ಲು, ಮೈ ತನಗ ತಿಳದಂಗ ಬದಲಾತು. ಬದಲಾಗದ ಏನ್ ಮಾಡೀತ್ರಿ? ಹಡಿಯೂದಂದ್ರ ಸಂತಿಗೆ ಹೋಗಿ ಬಂದಂಗೇನು?

ಕೂಸು ಕುಂಡ್ರೂ ಹೊತ್ತಿಗೆ ಅಕಿಗೆ ಒಂದು ಹುಚ್ಚು ಹಿಡೀತು. ಐವತ್ಮೂರಕ್ಕ ಇಳಿದ ಮ್ಯಾಲನ ಅಖಾಡಾಕ್ಕ ಇಳಿಯೂದು, ಅಲ್ಲೀತನಕ ಮಂದಿಗೆ ಮಾರಿ ತೋರ್ಸಂಗಿಲ್ಲ. ಅತ್ತಿ ಶಿವಗಂಗವ್ವ ಕಟ್ಟಿದ ಅಂಟಿನುಂಡಿ ಡಬ್ಬಿಯೊಳಗ ಹಂಗ ಉಳದುವು. ಸೊಸಿ ಒಂದು ರೊಟ್ಟಿ, ಒಂದಿಷ್ಟು ಸೌತಿಕಾಯಿ ತಿಂದು ಏಳ್ತಿದ್ಲು. ಬಾಣಂತಿಗೆ ಅಂತ ಹಳೇ ಸೀರಿ ಹರದು ಅತ್ತಿ ಕಟ್ಟಿದ್ದ ಹೊಟ್ಟಿಪಟ್ಟಿ ಇತ್ತಲ್ಲ, ಬಾಣಂತನ ಮುಗದ್ರೂ ಅದನ್ನ ಬಿಚ್ಚಲಿಲ್ಲ, ಉಸಿರು ಸಿಗಲಾರದಷ್ಟು ಬಿಗದ್ಲು.

ತೂಕದ ಕಾಟಾ ಕಡೀಕ ಐವತ್ಮೂರು ತೋರಿಸ್ತು. ಆದ್ರ ಪಟ್ಟಿ ಬಿಚ್ಚಿದ್ರ ಹೊಟ್ಟಿ ಚರ್ಮ ಜ್ವಾಳ ಸುರುವಿದ ಖಾಲಿ ಚೀಲದಂಗ ಜೋತುಬೀಳ್ತಿತ್ತು, ಬಿಳಿ ಗೆರಿ ಎಲ್ಲಾ ಹಂಗ ಇದ್ದುವು. ಹಳೇ ತೂಕ ಬಂತು, ಹಳೇ ಮೈ ಬರಲಿಲ್ಲ. ಕಸುವಂತೂ ಹೋಗೇ ಬಿಟ್ಟಿತ್ತು. ತಾಲೀಮಿಗೆ ಹೋದ ದಿನ ಹೈಸ್ಕೂಲ್ ಹುಡುಗಿ ಸಹನಾ ನಡಕ್ಕ ಕೈ ಹಾಕಿ ಅಕಿನ್ನ ಎತ್ತಿ ಮಣ್ಣಿಗೆ ಹಾಕಿದ್ಲು. ಕಣ್ಣಿಗೆ ಕತ್ತಲಿ ಬಂತು. ಮನಿಗೆ ಬಂದ್ರ ಎದಿಯೊಳಗ ಹಾಲಿಲ್ಲ, ಕೂಸು ಒಂದ ಸವನ ಅಳಾಕ ಹತ್ತಿತ್ತು.

“ಕೂಸಿನ ಪಾಲಿನ ಹಾಲು ಕಾಟಾಕ್ಕ ಸುರುವಿ ಬಂದಿಯೇನವಾ?” ಅಂದ್ಲು ಶಿವಗಂಗವ್ವ.

ಮುದುಕಿ ಬಾಯಿ ತೆಗದ್ರ ಒಣಮೆಣಸಿನಕಾಯಿ, ಆದ್ರ ಸುಳ್ಳ ಆಡೂ ಪೈಕಿ ಅಲ್ಲ. ದ್ರಾಕ್ಷಾಯಣಿಗೆ ನಾಚಿಕಿ ಆತು, ಆಮ್ಯಾಲ ತನ್ನ ಮ್ಯಾಲನ ಸಿಟ್ಟು ಬಂತು. ಕಣ್ಣೊರಸಿಕೊಂಡು ಡಬ್ಬಿ ಇಳಿಸಿದ್ಲು.

“ಅಂಟಿನುಂಡಿ ಬಾಣಂತಿಗೂ ಕಟ್ತಾರ, ಪೈಲವಾನಗೂ ಕಟ್ತಾರ. ನಾ ಎರಡೂ ಅದೀನ್ರಿ ಅತ್ತಿ. ಇನ್ನ ಮ್ಯಾಲ ಎರಡೆರಡು ಕೊಡ್ರಿ.”

ಉಂಡ್ಲು, ಬೈಠಕ್ ಹೊಡದ್ಲು, ಕಸುವು ಬಂತು, ಹಾಲೂ ಬಂತು. ಬರೇ ಒಂದು ಚಾಳಿ ಹೋಗಲಿಲ್ಲ. ಮನಿ ಹೊಸ್ತಿಲ ದಾಟೂದಿದ್ರ ಹೊಟ್ಟಿಪಟ್ಟಿ ಬಿಗದೇ ದಾಟ್ತಿದ್ಲು.

ಹಳಿಯಾಳದಾಗ ಮಣ್ಣಿನ ಕುಸ್ತಿ ಇಟ್ಟಿದ್ರು. ಮಣ್ಣಿನ ಕುಸ್ತಿಗೆ ಕಾಟಾ ಇಲ್ಲ. ಇಬ್ಬರ್ನ ಭುಜಕ್ಕ ಭುಜ ಹಚ್ಚಿ ನಿಲ್ಲಿಸಿ, ಹಿರ್ಯಾರು ಮೈ ನೋಡಿ ಜೋಡಿ ಹಚ್ತಾರ. ಕೂಸಿನ್ನ ಅತ್ತಿ ಬಗಲಿಗೆ ಕೊಟ್ಟು ದ್ರಾಕ್ಷಾಯಣಿ ಸಾಲಿನ್ಯಾಗ ನಿಂತ್ಲು. ಅಕಿಗೆ ಪಟ್ಟು ಕಲಿಸಿದ ವಸ್ತಾದ ಸಾತಪ್ಪ ಕಾಕಾ ಅಕಿನ್ನ ಬಾಜೂಕ ಕರದ.

“ನಿನಗ ಮಾಲಿ ಹಾಕಿ ಸತ್ಕಾರ ಮಾಡ್ತೇವಿ ತಂಗಿ, ವೇದಿಕಿ ಮ್ಯಾಲ ಕುಂಡ್ರು. ಹಡದ ಮೈ ಸಡ್ಲ ಇರತೈತಿ. ಜೋಡಿ ಹಚ್ಚಿ ನಾ ಯಾಕ ಪಾಪ ಕಟ್ಟಕೊಳ್ಳಲಿ?”

“ಮಾಲಿ ಫೋಟೋಕ್ಕ ಹಾಕ್ರಿ ಕಾಕಾ. ನಾ ಇನ್ನೂ ಜೀವಂತ ಅದೀನಿ.”

ಇಷ್ಟಂದು ವಾಪಸ್ ಸಾಲಿಗೆ ಹೋದ್ಲು. ಸಿಟ್ಟಿಗೆ ಉಸಿರು ಏರಿತ್ತು, ಪಟ್ಟಿ ಅದನ್ನ ಬಿಡವಲ್ದು. ಎಲ್ಲಾರ ಎದುರಿಗೇ ಅಂಗಿಯೊಳಗ ಕೈ ಹಾಕಿ ಗಂಟು ಬಿಚ್ಚಿದ್ಲು. ಸೀರಿ ತುಂಡು ಸುರುಳಿ ಸುರುಳಿ ಹೊರಗ ಬಂತು, ಹೊಟ್ಟಿ ತನ್ನ ಜಾಗಾಕ್ಕ ತಾ ಇಳೀತು. ಹಿಂದ ಯಾರೋ ಕಿಸಕ್ಕಂತ ನಕ್ಕು, “ಹೊಟ್ಟಿ ನೋಡ್ಲೇ” ಅಂದ.

ದ್ರಾಕ್ಷಾಯಣಿ ತಿರುಗಿ ನಿಂತ್ಲು. “ಹೊಟ್ಟೀನ ಐತಿ. ಇದರಾಗ ಒಂದು ಕೂಸಿತ್ತು. ನೀ ಎಲ್ಲಿಂದ ಬಂದೀಪಾ?”

ಶಿವಗಂಗವ್ವ ಮುಂದ ಬಂದು ಆ ಪಟ್ಟಿ ಇಸಗೊಂಡು ಕೂಸಿನ ಮೂಗು ಒರಸಿದ್ಲು. ಸಾತಪ್ಪ ಕಾಕಾ ಹೊಟ್ಟಿ ಕಡೆ ನೋಡಲಿಲ್ಲ, ಹೆಗಲು ಒತ್ತಿ ನೋಡಿದ, ತೊಡಿ ನೋಡಿದ, ಸಹನಾನ್ನ ಕರದು ಬಾಜೂಕ ನಿಲ್ಲಿಸಿದ.

ಸಹನಾ ಮತ್ತ ಅದ ಹಳೇ ಪಟ್ಟು ಹಾಕಾಕ ಬಂದ್ಲು, ನಡಕ್ಕ ಕೈ ಹಾಕಿ ಎತ್ತಾಕ ನೋಡಿದ್ಲು. ಏಳಬೇಕಲ್ಲ! ದ್ರಾಕ್ಷಾಯಣಿ ಕಾಲು ಅಗಲಿಸಿ, ಹೊಟ್ಟಿ ಬಿಟ್ಟು, ಇದ್ದ ತೂಕ ಎಲ್ಲಾ ನೆಲಕ್ಕ ಕೊಟ್ಟು ನಿಂತಿದ್ಲು. ಇಬ್ಬರೂ ಮಣ್ಣಾಗಿ ಹೋದ್ರು. ದ್ರಾಕ್ಷಾಯಣಿ ಅಂಗಿ ಹಾಲಿಗೆ ತೊಯ್ದು ಅದರ ಮ್ಯಾಲ ಮಣ್ಣು ಮೆತ್ತಿತ್ತು. ಒಬ್ಬರ ಬೆನ್ನೂ ನೆಲ ಮುಟ್ಟಲಿಲ್ಲ. ಪಂಚರು ಇಬ್ಬರ ಕೈನೂ ಎತ್ತಿ ಬರೋಬರಿ ಅಂದ್ರು.

ಅಕಿ ಅಖಾಡಾದ ದಂಡಿಗೆ ಕುಂತು ಸೆರಗಿನಂಗ ಟಾವೆಲ್ ಹೊದ್ದು ಕೂಸಿಗೆ ಹಾಲು ಕುಡಸಾಕ ಹತ್ತಿದ್ಲು. ಸಾತಪ್ಪ ಕಾಕಾ ಬಂದು ನಿಂತ.

“ಮುಂದಿನ ತಿಂಗಳ ದಾಂಡೇಲ್ಯಾಗ ಮ್ಯಾಟ್ ಕುಸ್ತಿ ಐತಿ. ಹೆಸರು ಯಾವ ತೂಕದಾಗ ಬರಸಲಿ ತಂಗಿ? ಐವತ್ಮೂರಕ್ಕ ಇಳೀತಿಯೇನು?”

ಅಕಿ ಅತ್ತಿ ಕಡೆ ಕೈ ಚಾಚಿದ್ಲು. ಶಿವಗಂಗವ್ವ ಡಬ್ಬಿ ತೆಗದು ಒಂದು ಉಂಡಿ ಇಟ್ಲು, ಮ್ಯಾಲ ಇನ್ನೊಂದು.

“ಹೊಟ್ಟಿ ತುಂಬ ಉಂಡು ಕಾಟಾ ಹತ್ತತೇನಿ ಕಾಕಾ,” ಅಂದ್ಲು ದ್ರಾಕ್ಷಾಯಣಿ. “ಅದು ಎಷ್ಟು ತೋರಸತೈತೋ ಅಷ್ಟು ಬರಸ್ರಿ.”