ಮಂಜಿನೂರಿನ ಕಾರಿಗೆ ತಿಪ್ಪಮ್ಮನ ಮೂಗು

ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ನೆಲಮಾಳಿಗೆಯಲ್ಲಿ ಮಳೆನೀರಿಗೆ ಸ್ಟೀರಿಂಗಿನ ಮಟ್ಟಕ್ಕೆ ಮುಳುಗಿದ್ದ ಬಿಳಿ ಕಾರನ್ನು ಚಳ್ಳಕೆರೆಯ ನಂಬಿಕೆ ಕಾರ್ ಬಜಾರಿನವರು ಕಳೆದ ವರ್ಷ ಮೊಳಕಾಲ್ಮೂರಿನ ನೇಕಾರರ ಮಗಳು ಶ್ರುತಿಗೆ ಮಾರಿದರು. ಮಾರುವಾಗ, ಇದು ಡಾಕ್ಟರು ಓಡಿಸಿದ ಗಾಡಿ ಎಂದರು.

ಆ ಕಾರನ್ನು ತೊಳೆದವರು ತಿಪ್ಪಮ್ಮ.

ಸೂರ್ಯ ಇನ್ನೂ ಶೇಂಗಾ ಮಿಲ್ಲುಗಳ ತಗಡಿನ ಹಿಂದೆಯೇ ಇದ್ದಾನೆ. ನನ್ನಿವಾಳದಿಂದ ಮೊದಲ ಬಸ್ಸಿಗೆ ಬಂದಿಳಿದ ತಿಪ್ಪಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಮೇಲೆ ಗಂಡಸರ ಅಂಗಿ ತೊಟ್ಟು, ಬಜಾರಿನ ಅಂಗಳದಲ್ಲಿ ನಿಂತಿರುವ ಗಾಡಿಯೊಂದರ ಬಾಗಿಲು ತೆಗೆಯುತ್ತಾರೆ. ನೀರಿನ ಪೈಪು ಇನ್ನೂ ಸುರುಳಿ ಸುತ್ತಿಕೊಂಡು ನೆಲದ ಮೇಲಿದೆ. ಮೊದಲು ಒಳಗೆ ಹೋಗುವುದು ಅವರ ಮೂಗು.

“ಇದ್ರಾಗೆ ಬೀಡಿ ಸೇದ್ಯಾರೆ, ಹಿಂದಿನ ಸೀಟ್ನಾಗೆ ಕುಂತು,” ಎನ್ನುತ್ತಾರೆ. ಮುಂದಿನ ಗಾಡಿ. “ಇದ್ರಾಗೆ ಮೀನು ಸಾಗಿಸ್ಯಾರೆ. ಡಾಕ್ಟ್ರು ಗಾಡಿ ಅಂತೆ. ಮೀನಿಗೆ ಏನ್ ಇಂಜೆಕ್ಷನ್ ಕೊಡ್ತಿದ್ರೋ.”

ಈ ಬಜಾರಿನಲ್ಲಿ ನಿಂತ ಗಾಡಿಗಳೆಲ್ಲ ಡಾಕ್ಟರುಗಳು ಓಡಿಸಿದವೇ. ಮಾತು ನಿಜವಾಗಿದ್ದರೆ ಚಳ್ಳಕೆರೆ ತಾಲ್ಲೂಕಿನಲ್ಲಿ ಒಬ್ಬರೂ ಕೆಮ್ಮಬಾರದಿತ್ತು. ಹೆದ್ದಾರಿಗೆ ಕಾಣುವ ದೊಡ್ಡ ಬೋರ್ಡಿನಲ್ಲಿ ಮಾಲೀಕ ವೀರೇಶ್ ಅವರ ಫೋಟೋ ಇದೆ, ಅವರ ತಂದೆಯವರ ಫೋಟೋ ಇದೆ, ವ್ಯಾಪಾರಕ್ಕೂ ಅದಕ್ಕೂ ಏನು ಸಂಬಂಧವೋ, ಒಂದು ಸಿಂಹದ ಫೋಟೋ ಕೂಡ ಇದೆ. ಗಾಡಿಗಳಿಗೆ ಆ ಹೊಳಪು ಬರಿಸಿದ ಹೆಂಗಸಿನ ಬೆರಳ ಸಂದುಗಳು ಸೋಪಿನ ನೀರಿಗೆ ಬಿರಿದು ಹೋಗಿವೆ. ಕೂರಲು ಒಂದು ಕುರ್ಚಿ ಕೂಡ ಇಲ್ಲ. ಮಾರಲಿಟ್ಟ ಹಳೇ ಟೈರೊಂದರ ಮೇಲೆ ಕೂತು ಬುತ್ತಿ ಬಿಚ್ಚುತ್ತಾರೆ. ಗಿರಾಕಿ ಬಂದರೆ ಆ ಟೈರೂ ಎದ್ದು ಹೋಗುತ್ತದೆ.

ಮೂಗು ಬಂದದ್ದು ಮಿಲ್ಲಿನಿಂದ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಸದ್ದು ಜೋರಾಗಿದ್ದ ಕಾಲದಲ್ಲಿ ತಿಪ್ಪಮ್ಮ ಶೇಂಗಾ ಬೀಜ ಆರಿಸುವ ಕೂಲಿಗೆ ಹೋಗುತ್ತಿದ್ದರು. ಬೂಜು ಹಿಡಿದ ಬೀಜ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳಬೇಕು. ತಪ್ಪಿದರೆ ಎಣ್ಣೆ ಕಮಟಾಗುತ್ತದೆ, ಮೇಸ್ತ್ರಿಯ ಬಾಯಿ ಅದಕ್ಕಿಂತ ಕಮಟಾಗುತ್ತದೆ. ಪಕ್ಕದಲ್ಲಿ ಕೂತು ಆರಿಸುತ್ತಿದ್ದವರು ಆಂಧ್ರ ಗಡಿಯ ಹೆಂಗಸರು. ಅವರಿಂದ ತೆಲುಗೂ ಬಂತು, ಬೈಗುಳ ಪೂರ್ತಿ, ಮಾತು ಅರ್ಧ. ಮುಂದೆ ಮಿಲ್ಲಿನ ಬಾಗಿಲು ಮುಚ್ಚಿತು. ಮಿಷನ್ನುಗಳನ್ನು ಗುಜರಿಯವರು ತೂಕಕ್ಕೆ ಕೊಂಡರು. ಆರಿಸುವ ಹೆಂಗಸರನ್ನು ಯಾವ ತಕ್ಕಡಿಯೂ ಕೇಳಲಿಲ್ಲ.

ಹೀಗೆ ಬಜಾರಿಗೆ ಬಂದ ತಿಪ್ಪಮ್ಮ, ಆ ಬಿಳಿ ಕಾರಿನ ಬಾಗಿಲು ತೆಗೆದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಮಳೆಗೆ ಸಿಕ್ಕ ಶೇಂಗಾ ಮೂಟೆಯ ವಾಸನೆ. ಮ್ಯಾಟಿನಡಿ ಕೆಂಪು ಮಣ್ಣು. ತೊಳೆದರು. ಸಾಹುಕಾರ ವೀರೇಶ್ ಹೇಳಿದಂತೆ ಮಲ್ಲಿಗೆ ಸೆಂಟನ್ನೂ ಹೊಡೆದರು. ಆದರೆ ಕೊಳ್ಳಲು ಬಂದ ಶ್ರುತಿ, ಗಂಡ ಅಶ್ವಥ್ ಮತ್ತು ತಾಯಿ ಗೀತಮ್ಮ ಗಾಡಿಯ ಸುತ್ತ ಸುತ್ತುವಾಗ ತಿಪ್ಪಮ್ಮನಿಗೆ ಸುಮ್ಮನಿರಲಾಗಲಿಲ್ಲ. ಬಜಾರಿನ ಮಾತುಗಾರ ಮಂಜುನಾಥ, ಎಲ್ಲರ ಬಾಯಲ್ಲಿ ಮಂಜು, ಅಲ್ಲೇ ನಿಂತು “ಮಳೇನೇ ಕಂಡಿಲ್ಲ ಮೇಡಂ ಈ ಗಾಡಿ” ಅನ್ನುತ್ತಿದ್ದಾನೆ. ಕನ್ನಡದಲ್ಲಿ ಹೇಳಿದರೆ ಅವನ ಕಿವಿಗೆ ಬೀಳುತ್ತದೆ. ಗೀತಮ್ಮ ಮಗಳ ಜೊತೆ ತೆಲುಗು ಆಡಿದ್ದು ತಿಪ್ಪಮ್ಮನಿಗೆ ಕೇಳಿತ್ತು. ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಸರಿದು, ಗದ್ದದಿಂದ ಕಾರು ತೋರಿಸಿ, ಪಿಸುಗುಟ್ಟಿದರು:

“ಅಮ್ಮಾ, ನೀಳ್ಳು.”

ನೀಳ್ಳು ಅಂದರೆ ತೆಲುಗಿನಲ್ಲಿ ನೀರು. ಗೀತಮ್ಮ ಅಯ್ಯೋ ಪಾಪ ಎಂದು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟರು.

“ಅಲ್ಲಮ್ಮಾ, ಲೋಪಲ ನೀಳ್ಳು,” ಒಳಗೆ ನೀರು ಎಂದರು ತಿಪ್ಪಮ್ಮ.

ಹೊಟ್ಟೆಯೊಳಗೆ ನೀರಲ್ಲದೆ ಮತ್ತೇನೂ ಇಲ್ಲ ಅನ್ನುತ್ತಿದ್ದಾಳೆ ಎಂದುಕೊಂಡ ಗೀತಮ್ಮ ಒಂದು ಬಿಸ್ಕತ್ತಿನ ಪೊಟ್ಟಣವನ್ನೂ ಕೊಟ್ಟರು.

“ಪೂರಾ ಬಾಟ್ಲಿ ಕುಡ್ದೆ,” ಎಂದು ತಿಪ್ಪಮ್ಮ ಈಗ ನಗುತ್ತಾರೆ. “ಏನ್ ಮಾಡಾನ, ಮಂಜು ನೋಡ್ತಿದ್ದ. ಬಿಸ್ಕತ್ತೂ ತಿಂದೆ.”

ಕಾರು ಹೋಯಿತು. ಕೆಲವೇ ತಿಂಗಳಲ್ಲಿ ಶ್ರುತಿ ಕೆಲಸ ಮಾಡುವ ಬ್ಯಾಂಕು ಆಕೆಗೆ ಬಡ್ತಿ ಕೊಟ್ಟು ಹಿಮಾಚಲದ ಲಾಹೌಲ್ ಕಣಿವೆಗೆ ಎತ್ತಿ ಹಾಕಿತು. ಫೋನಿನಲ್ಲೇ ಮೊಳಕಾಲ್ಮೂರು ಸೀರೆ ಮಾರುವ ಅಶ್ವಥ್‌ಗೆ ಎಲ್ಲಿದ್ದರೂ ಒಂದೇ. ಗೀತಮ್ಮ ಮಗಳನ್ನು ಬಿಟ್ಟಿರಲೊಲ್ಲರು. ಮೂವರೂ ಹೊರಟರು, ಹಿಂದೆ ಲಾರಿಯಲ್ಲಿ ಕಾರೂ ಹೊರಟಿತು.

ಅಲ್ಲಿ ಮೊದಲ ಹಿಮ ಬಿದ್ದ ಮಧ್ಯಾಹ್ನ, ಊರಿಂದೂರಿಗೆ ಹೋಗುವ ಬೆಟ್ಟದ ದಾರಿಯಲ್ಲಿ, ಕಾರು ತನ್ನಷ್ಟಕ್ಕೆ ಹಾರ್ನ್ ಬಾರಿಸಿತು. ವೈಪರ್ ಆಡಿಸಿತು. ಒಳಗಿನ ದೀಪ ಹತ್ತಿಸಿಕೊಂಡಿತು. ತನಗೆ ತಾನೇ ಮಂಗಳಾರತಿ ಎತ್ತಿಕೊಂಡಂತೆ ಇಷ್ಟೆಲ್ಲ ಮಾಡಿ ಆರಿಹೋಯಿತು. ಸುತ್ತ ಬಿಳಿ, ಮೇಲೆ ಬಿಳಿ. ಹಿಂದಿನ ಸೀಟಿನಲ್ಲಿ ನಡುಗುತ್ತಿದ್ದ ಗೀತಮ್ಮ ಕಾಲು ಊರಿದಾಗ ಮ್ಯಾಟು ಚಟಚಟ ಅಂದಿತು. ಎತ್ತಿ ನೋಡಿದರೆ ಅಡಿಯ ದಪ್ಪ ಬಟ್ಟೆಯಲ್ಲಿ ಉಳಿದಿದ್ದ ಪಸೆ ಗಡ್ಡೆ ಕಟ್ಟಿದೆ, ಗಡ್ಡೆಯೊಳಗೆ ಕೆಂಪು ಮಣ್ಣು.

“ಶ್ರುತೀ! ಆ ತೊಳೆಯೋಳು ನೀರು ಕೇಳ್ಳಿಲ್ಲ ಕಣೇ. ನೀರು ಹೇಳಿದ್ಲು!”

ದಾರಿಯ ಹಿಮ ತಳ್ಳುವ ಬುಲ್ಡೋಜರು ಬಂದು ಮೂವರನ್ನೂ ಕೂರಿಸಿಕೊಂಡು ಹೋಯಿತು. ಇನ್ನು ಆ ಹೆಂಗಸು ನೋಡಿ ಒಪ್ಪದ ಗಾಡಿಯಲ್ಲಿ ಕಾಲಿಡುವುದಿಲ್ಲ ಎಂದು ಗೀತಮ್ಮ ಹಟ ಹಿಡಿದರು. ಗಾಡಿಯಿಲ್ಲದೆ ಆ ಊರಲ್ಲಿ ಚಳಿಗಾಲ ದಾಟುವಂತಿಲ್ಲ. ಶ್ರುತಿಯ ಕೆಲಸವೇ ಹಳ್ಳಿ ಹಳ್ಳಿ ತಿರುಗುವುದು. ಇನ್ನೊಮ್ಮೆ ಮೋಸಹೋದರೆ ಬುಲ್ಡೋಜರು ಬಂದೇ ಬರುತ್ತದೆ ಎಂದು ಯಾರು ಹೇಳಬೇಕು?

ಬೆಳಗಿನ ಹೊತ್ತು ಬಜಾರಿನ ಫೋನು ತಿಪ್ಪಮ್ಮ ಸೋಪು, ಬಟ್ಟೆ ಇಡುವ ಗೂಡಿನಲ್ಲಿ ಚಾರ್ಜಿಗಿರುತ್ತದೆ. ಅದು ಹೊಡೆದುಕೊಂಡಿತು.

“ಹಲೋ, ಮೊಳಕಾಲ್ಮೂರು ಶ್ರುತಿ ಮಾತಾಡ್ತಿರೋದು. ಮಂಜು ಬಿದ್ದು ಗಾಡಿ ನಿಂತೋಯ್ತು!”

“ಅಯ್ಯೋ ಶಿವನೇ, ಎಲ್ಲಿ ಬಿದ್ನವ್ವ? ನಿನ್ನೆ ಸಂಜೆ ಬೈಕ್ ಮ್ಯಾಲೆ ಚೆಂದಾಗೇ ಹೋದ್ನಲ್ಲ!”

“ಎಲ್ಲಾ ಕಡೆ ಬಿದ್ದೈತೆ ಅಕ್ಕ. ರೋಡ್ ಮೇಲೆ, ಮನೆ ಮೇಲೆ, ಗಾಡಿ ಮೇಲೆ. ನಮ್ಮೆಜಮಾನ್ರು ಸಲಿಕೇಲಿ ಎತ್ತಿ ಹಾಕ್ತಾವ್ರೆ.”

ತಿಪ್ಪಮ್ಮ ಫೋನ್ ಇಟ್ಟುಬಿಟ್ಟರು. “‘ಬಿದ್ದೈತೆ’ ಅಂದ್ಲು ನೋಡ್ರಿ. ‘ಬಿದ್ದವ್ನೆ’ ಅನ್ಲಿಲ್ಲ. ಹಂಗಾದ್ರೆ ಹೆಣ ಆಗವ್ನೆ ಅಂದ್ಕಂಡೆ. ಅದೂ ಸಲಿಕೇಲಿ ಎತ್ತಂಗೆ!” ಅವರು ಬಾಯಿಗೆ ಸೆರಗಿಟ್ಟು ಅಳುತ್ತಿರುವಾಗಲೇ ಗೇಟಿನಲ್ಲಿ ಬೈಕು ನಿಲ್ಲಿಸಿದ ಮಂಜು, ಶಿಳ್ಳೆ ಹಾಕುತ್ತ ಒಳಗೆ ಬಂದ.

“ಯಾಕಕ್ಕ, ಯಾರು ಹೋದ್ರು?”

“ನೀನೇ ಕಣಲೇ,” ಎಂದರಂತೆ ತಿಪ್ಪಮ್ಮ.

ಅರ್ಥ ಬಿಡಿಸಿಕೊಳ್ಳಲು ಇನ್ನೊಂದು ಫೋನು ಬೇಕಾಯಿತು. ಆಕಾಶದಿಂದ ಬೀಳುವ ಮಂಜು ಬೇರೆ, ಸಂಬಳಕ್ಕಿರುವ ಮಂಜು ಬೇರೆ. ಬೇರೆ ಗಾಡಿ ಕೊಳ್ಳಬೇಕು, ನೀವೇ ನೋಡಿ ಹೇಳಬೇಕು ಎಂದು ಶ್ರುತಿ ಕೇಳಿಕೊಂಡಳು. “ನಾನು ನಿಮ್ಮೂರಿನ ಮಂಜು ಕಂಡಿಲ್ಲ ತಾಯಿ,” ಎಂದು ತಿಪ್ಪಮ್ಮ ಮೊದಲೇ ಹೇಳಿದರು. “ಕಂಡಿರೋದು ಒಬ್ಬನ್ನೇ. ಅವನು ಬರೀ ಸುಳ್ಳ. ಗೊತ್ತಿದ್ದಷ್ಟು ಹೇಳ್ತೀನಿ, ಗೊತ್ತಿಲ್ದಿದ್ದು ಅಲ್ಲಿ ಗಾಡಿ ರಿಪೇರಿ ಮೇಸ್ತ್ರಿನ ಕೇಳ್ರಿ.”

ಮರುದಿನದಿಂದ ಗಾಡಿ ನೋಡುವುದು ಶುರುವಾಯಿತು. ಅಲ್ಲಿ ಅಶ್ವಥ್ ಫೋನು ಹಿಡಿದು ಗಾಡಿಯ ಸುತ್ತ ಓಡಾಡುತ್ತಾನೆ, ಇಲ್ಲಿ ತಿಪ್ಪಮ್ಮ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೈಪು ಹಿಡಿದು ಚಳ್ಳಕೆರೆಯ ಬಾನೆಟ್ಟುಗಳನ್ನು ತೊಳೆಯುತ್ತ ಲಾಹೌಲಿನ ಬಾನೆಟ್ಟು ನೋಡುತ್ತಾರೆ.

ಮೊದಲನೆಯದು ಥಳಥಳ ಹೊಳೆಯುವ ಕೆಂಪು ಗಾಡಿ. ಹಿಮ ಕರಗಲೆಂದು ಆ ರಸ್ತೆಗೆ ಉಪ್ಪು ಚೆಲ್ಲುತ್ತಾರೆ ಎಂದ ಅಶ್ವಥ್.

“ಉಪ್ಪಾ? ರಸ್ತೇನ ಉಪ್ಪಿನಕಾಯಿ ಹಾಕ್ತಾರೇನಪ್ಪ? ಹಂಗಾದ್ರೆ ಮುಖ ನೋಡ್ಬ್ಯಾಡ, ಹೊಟ್ಟೆ ಅಡಿ ನೋಡು. ಉಗುರಾಗೆ ಕೆರ್ದು ನಾಲಿಗೆ ಮ್ಯಾಲಿಡು.”

ಅಶ್ವಥ್ ಹಿಮದಲ್ಲಿ ಅಂಗಾತ ಮಲಗಿ ಕೆರೆದ. ಉಪ್ಪಿನ ಜೊತೆ ತುಕ್ಕಿನ ಹಪ್ಪಳವೇ ಕೈಗೆ ಬಂತು. “ಒಂದು ಪಾತ್ರೆ ಸಾರಿಗಾಗೋಷ್ಟೈತೆ ಅಕ್ಕ,” ಎಂದ, ಉಗಿಯುತ್ತ. ಕೆಂಪು ಗಾಡಿಯನ್ನು ಕೈಬಿಟ್ಟರು.

ಎರಡನೆಯದನ್ನು ನೋಡಿದ್ದೇ ತಿಪ್ಪಮ್ಮ ಬೇಡವೆಂದರು. ಗಾಜಿನ ಮೇಲೆ ಮಲಗಿರಬೇಕಾದ ವೈಪರುಗಳೆರಡೂ ನೆಟ್ಟಗೆ ನಿಂತಿದ್ದವು. “ಎಲ್ಡೂ ಕೈ ಎತ್ತಿ ನನ್ ಕೈಲಾಗಲ್ಲ ಅಂತೈತೆ ಕಣಪ್ಪ. ಅದರ ಬಾಯಾಗೇ ಹೇಳ್ತೈತೆ, ಇನ್ನೇನ್ ನೋಡ್ತೀಯ?” ಗಾಜಿಗೆ ಅಂಟಿ ಹೆಪ್ಪುಗಟ್ಟದಿರಲೆಂದು ಅಲ್ಲಿ ಎಲ್ಲರೂ ಹಾಗೆ ಎತ್ತಿಡುತ್ತಾರೆಂದು ಗೊತ್ತಾಗುವ ಹೊತ್ತಿಗೆ ಆ ಗಾಡಿ ಮಾರಿಹೋಗಿತ್ತು. ಕೊಂಡವರು ಅಲ್ಲಿನ ದನದ ಡಾಕ್ಟರು. ಇವತ್ತಿಗೂ ಒಂದು ತಕರಾರಿಲ್ಲದೆ ಓಡಿಸುತ್ತಿದ್ದಾರೆ. “ನಾನು ಬ್ಯಾಡ ಅಂದಿದ್ದಕ್ಕೇ ಅದೊಂದು ನಿಜವಾದ ಡಾಕ್ಟ್ರು ಗಾಡಿ ಆಯ್ತು,” ಎಂದು ತಿಪ್ಪಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

ಮೂರನೆಯದು ಕುರಿ ಸಾಕುವವನ ಹಳೇ ಜೀಪಿನಂಥ ಗಾಡಿ. ಈ ಸಲ ಹೇಳದೆ ಕೇಳದೆ ಬೆಳಕು ಹರಿಯುವಾಗಲೇ ಹೋಗಿ ಮೊದಲು ಬಾನೆಟ್ ಮುಟ್ಟಬೇಕೆಂದು ತಿಪ್ಪಮ್ಮನ ಅಪ್ಪಣೆ. “ಇಲ್ಲಿ ಮಂಜು, ಗಿರಾಕಿ ಬರೋಕೆ ಮುಂಚೇನೇ ಸ್ಟಾರ್ಟ್ ಮಾಡಿ ಬೆಚ್ಚಗಿಟ್ಟಿರ್ತಾನೆ. ಕೆಮ್ಮೋ ಗಾಡಿ ಅಂತ ಗೊತ್ತಾಗಬಾರ್ದಲ್ಲ.” ಬಾನೆಟ್ ಕಲ್ಲಿನಂತೆ ತಣ್ಣಗಿತ್ತು. ಬೀಗದ ಕೈ ತಿರುಗಿಸಿದರೆ ಗಾಡಿ ಎರಡು ಸಲ ಗೊಣಗಿ ಮೂರನೇ ಸಲಕ್ಕೆ ಎದ್ದಿತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಸಿದರು, ನೀರು ಹೊಕ್ಕ ಗಾಡಿಯಲ್ಲಿ ಉಳಿಯುವ ಮಣ್ಣಿನ ಗೆರೆಯಿಲ್ಲ. ಉಳಿದದ್ದು ವಾಸನೆ. ಅದು ಫೋನಿನಲ್ಲಿ ಬರುವುದಿಲ್ಲ.

“ಗೀತಮ್ಮಾರೇ, ಸೀಟಿನಡಿ ಮೂಗಿಡ್ರಿ.”

“ನನ್ಗೆ ನೆಗಡಿ ಕಣಮ್ಮ! ನನ್ ಮೂಗಿಗೆ ಸಾಂಬಾರೇ ಗೊತ್ತಾಗ್ತಿಲ್ಲ.”

ವ್ಯಾಪಾರ ಅಲ್ಲಿಗೇ ನಿಂತಿತು. ಗೀತಮ್ಮ ಮನೆಗೆ ಹೋಗಿ ಓಂಕಾಳಿನ ಆವಿ ತೆಗೆದುಕೊಂಡರು. ಗಾಡಿಯವನಿಗೆ ಏನೂ ಅರ್ಥವಾಗದೆ ಬಾಗಿಲಲ್ಲೇ ಕಾದ. ತಿರುಗಿ ಬಂದು, ಸೀಟಿನಡಿ ತಲೆ ತೂರಿಸಿದ ಗೀತಮ್ಮ ಮುಖ ಕಿವುಚಿದರು. “ಥೂ! ಕುರಿ ವಾಸ್ನೆ!”

“ಬರೀ ಕುರೀನಾ? ಬೂಜು ಇಲ್ವಾ? ಹೂವು ಗೀವು?”

“ಬರೀ ಕುರಿ ಕಣಮ್ಮ. ಕುರಿ, ಕುರಿ, ಕುರಿ.”

“ಹಂಗಾದ್ರೆ ತಗೊಳ್ರಿ ತಾಯಿ,” ಎಂದರು ತಿಪ್ಪಮ್ಮ. “ಕುರಿ ಸಾಗಿಸ್ದೋನು ಕುರಿ ವಾಸ್ನೇಲೇ ಮಾರ್ತಾವ್ನೆ. ಸೆಂಟು ಹೊಡ್ದಿಲ್ಲ.”

ಬ್ಯಾಟರಿ, ಟೈರು, ಗಾಲಿಗೆ ಕಟ್ಟುವ ಸರಪಳಿ ಇವುಗಳನ್ನೆಲ್ಲ ಅಲ್ಲಿನ ಮೇಸ್ತ್ರಿ ನೋಡಿ ಹೇಳಿದ. ಇಡೀ ಚಳಿಗಾಲ ಗಾಡಿ ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ತಿಪ್ಪಮ್ಮ ಕಳಿಸಿದ ಚಳ್ಳಕೆರೆ ಕಂಬಳಿಯನ್ನು ಗೀತಮ್ಮ ದಿನಾ ಸಂಜೆ ಅದರ ಬಾನೆಟ್ಟಿಗೆ ಹೊದಿಸುತ್ತಾರೆ. ವಿಡಿಯೋದಲ್ಲಿ ಅದನ್ನು ಕಂಡ ತಿಪ್ಪಮ್ಮನಿಗೆ ಸ್ವಲ್ಪ ಬೇಸರವೂ ಆಯಿತು: “ನಾನು ಗೀತಮ್ಮಾರಿಗೆ ಅಂತ ಕಳ್ಸಿದ್ದು ಅದು.”

ಸುದ್ದಿ ಮೊಳಕಾಲ್ಮೂರಿನ ಮಗ್ಗದ ಬೀದಿಗಳಿಗೆ ಹಬ್ಬಿದೆ. ಈಗ ನಸುಕಿಗೇ ಬಜಾರಿನ ಫೋನಿಗೆ ಕರೆಗಳು ಬರುತ್ತವೆ, “ತೊಳಿಯೋ ಅಕ್ಕನ್ನ ಕೊಡ್ರಿ” ಅಂತ. ಸಾಹುಕಾರರಿಗೂ ವಿಷಯ ಮುಟ್ಟಿದೆ. ಆಸೆ ಏನಾದರೂ ಇದೆಯೇ ಅಂದರೆ ತಿಪ್ಪಮ್ಮ ಕುರ್ಚಿ ಕೇಳುವುದಿಲ್ಲ. “ಆ ಮಂಜು ಒಂದ್ಸಲ ನೋಡ್ಬೇಕು. ಯಾರೂ ತೊಳೀದೆ ತಾನೇ ಬೆಳ್ಳಗಿರೋ ಊರು ಹೆಂಗಿರ್ತೈತೋ.”

ಮಾತು ಅಲ್ಲಿಗೆ ನಿಲ್ಲುತ್ತದೆ. ಗೇಟಿನೊಳಗೆ ಲಾರಿ ಬಂದಿದೆ. ಬೆಂಗಳೂರಿನಲ್ಲಿ ಮತ್ತೆ ಮಳೆಯಾಗಿದೆ. ಇಳಿಸಿದ ಬೂದು ಬಣ್ಣದ ಕಾರಿನ ಬಾಗಿಲು ತೆಗೆದ ತಿಪ್ಪಮ್ಮ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆಮೇಲೆ ಸೆರಗು ಬಿಗಿದು ತೊಳೆಯುತ್ತಾರೆ, ಹೊರಗೂ ಒಳಗೂ, ಮೈ ಬೆವರುವಷ್ಟು. ವೀರೇಶ್ ಬರುತ್ತಾರೆ, ಹಿಂದೆ ಸೆಂಟಿನ ಬಾಟಲಿ ಹಿಡಿದ ಮಂಜು.

“ತಿಪ್ಪಮ್ಮ, ಗೌರಸಮುದ್ರದಿಂದ ಮೇಷ್ಟ್ರು ಗಂಡ-ಹೆಂಡ್ತಿ ಹೊರಟವ್ರೆ. ಮಲ್ಲಿಗೆ ಹೊಡಿ, ಚೆನ್ನಾಗಿ.”

“ತೊಳ್ದಿದೀನಿ ಸಾವ್ಕಾರ್ರೆ.”

“ತೊಳೆದ್ರಾಯ್ತಾ? ವಾಸ್ನೆ?”

“ವಾಸ್ನೆ ಗಾಡೀದು. ಮೂಗು ಮೇಷ್ಟ್ರುದು. ಮಧ್ಯೆ ನಾನ್ಯಾಕೆ ಬರ್ಲಿ?”

“ನಾಳೆಯಿಂದ ಬರ್ಬೇಡ ಅಂತೀನಿ ನೋಡು.”

“ನಾಳೆ ಮಾತು ನಾಳೆ ಹೇಳ್ರಿ. ಇವತ್ತು ಬಂದೀನಲ್ಲ.”

ವೀರೇಶ್ ಬಾಟಲಿಯನ್ನು ಮಂಜುವಿನ ಕೈಯಿಂದ ಕಿತ್ತು ತಿಪ್ಪಮ್ಮನ ಮುಂದೆ ಹಿಡಿಯುತ್ತಾರೆ. ತಿಪ್ಪಮ್ಮ ಎರಡೂ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ.

“ಈ ಗಾಡಿ ಮ್ಯಾಲೆ ಮಂಜು ಬೇಕಾದ್ರೂ ಬೀಳ್ಲಿ ಸಾವ್ಕಾರ್ರೆ. ನನ್ ಕೈಯಿಂದ ಸೆಂಟು ಬೀಳಲ್ಲ.”

ಮಂಜು ಗಾಡಿಯಿಂದ ಎರಡು ಹೆಜ್ಜೆ ದೂರ ಸರಿದು ನಿಲ್ಲುತ್ತಾನೆ.