ಮೀನು ಮುಟ್ಟದ ಬೆಕ್ಕನ್ನು ಹುಡುಕಿ

ಆ ಕಾಲದಲ್ಲಿ ನಮ್ಮೂರಿಗೆ ಸುದ್ದಿ ಬರುತ್ತಿದ್ದದ್ದು ಹಾಲಿನ ಸೊಸೈಟಿಯಿಂದ. ಬೆಳಿಗ್ಗೆ ಹಾಲು ಅಳೆದು ಕೊಟ್ಟವರು ಖಾಲಿ ಕ್ಯಾನಿನಲ್ಲಿ ಸುದ್ದಿ ತುಂಬಿಸಿಕೊಂಡು ಮನೆಗೆ ಬರುತ್ತಿದ್ದರು. ಮೊಬೈಲುಗಳು ಬಂದಿದ್ದವು, ಆದರೆ ಈ ಕೆಲಸದಲ್ಲಿ ಅವು ಇನ್ನೂ ಪಳಗಿರಲಿಲ್ಲ.

ವಿಟ್ಲದ ಹತ್ತಿರದ ಶಾಲೆಯಲ್ಲಿ ನಾನಾಗ ಏಳನೇ ತರಗತಿ. ನವರಾತ್ರಿ ರಜೆ ಮುಗಿದು ಬೂತಾಯಿ ಮೀನು ಅಗ್ಗವಾಗುವ ದಿನಗಳು. ಸಂಜೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಮೀನಿನ ಪುಳಿಮುಂಚಿ ಸಾರು ಕುದಿಯುವ ವಾಸನೆ. ಆ ವರ್ಷ ಅದು ಒಮ್ಮೆಲೇ ನಿಂತುಹೋಯಿತು. ಮೊಪೆಡ್ಡಿನಲ್ಲಿ ಮೀನು ತರುವ ಹಮೀದಾಕ ಮೀನು ಕೆಡದಿರಲೆಂದು ಮದ್ದು ಹಾಕುತ್ತಾರಂತೆ, ಯಾರದೋ ಮನೆಯ ಬೆಕ್ಕು ಮೂಸಿ ನೋಡಿ ಹಿಂದೆ ಸರಿಯಿತಂತೆ. ಬೆಕ್ಕೇ ಬೇಡವೆಂದ ಮೀನನ್ನು ಮನುಷ್ಯರು ತಿನ್ನುವುದುಂಟೇ? ಹಾರನ್ ಎಷ್ಟು ಹೊಡೆದರೂ ಗೇಟಿನ ಹತ್ತಿರ ಒಬ್ಬರೂ ಬರಲಿಲ್ಲ. ನನ್ನಮ್ಮ ರೇಡಿಯೋ ಜೋರು ಮಾಡುತ್ತಿದ್ದರು.

ಹಮೀದಾಕನ ಮಗಳು ಸಫಿಯಾ ನನ್ನ ಬೆಂಚಿನವಳು. "ಹೀಗೇ ಆದ್ರೆ ಫರಂಗಿಪೇಟೆಯ ಮಾವನಲ್ಲಿಗೆ ಹೋಗುವ ಅಂತ ಬಾಪ ಹೇಳ್ತಾರೆ. ನನ್ನ ಶಾಲೆಯೂ ಇನ್ನು ಅಲ್ಲಿಯೇ" ಎಂದಳು. ನನಗೆ ಅಳು ಬಂತು. ಅವಳು ಅಳಲಿಲ್ಲ.

ಸಮಾಜ ಪಾಠದ ವಾರಿಜ ಟೀಚರದ್ದು ಒಂದು ಕ್ರಮವಿತ್ತು. ಅಸೆಂಬ್ಲಿಯಲ್ಲಿ ಪೇಪರ್ ಓದಿದ ಮೇಲೆ ಊರಿನ ಸುದ್ದಿಯನ್ನೂ ಒಂದು ಹೇಳಬೇಕು, ಯಾರಿಂದ ಕೇಳಿದ್ದೆಂದೂ ಹೇಳಬೇಕು. ಆ ದಿನ ಸರದಿ ನಮ್ಮ ತರಗತಿಯ ರಾಜೇಶನದ್ದು. ಅವನು ಬೆಕ್ಕಿನ ಸುದ್ದಿಯನ್ನೇ ಹೇಳಿಬಿಟ್ಟ. ಸಫಿಯಾ ತಲೆ ತಗ್ಗಿಸಿ ನಿಂತಳು.

ಟೀಚರ್ ಗದರಿಸಲಿಲ್ಲ. "ಬೆಕ್ಕು ಯಾರದ್ದು?" ಎಂದು ಕೇಳಿದರು.

"ಗೊತ್ತಿಲ್ಲ ಟೀಚರ್. ಅಮ್ಮ ಹೇಳಿದ್ದು."

"ಹಾಗಾದ್ರೆ ಹುಡುಕಿ. ಯಾರ ಹತ್ರವೂ ಜಗಳ ಬೇಡ. ಅಮ್ಮ ಯಾರ ಹೆಸರು ಹೇಳ್ತಾರೋ ಆ ಮನೆಗೆ ಹೋಗಿ ಕೇಳಿ, ಅಲ್ಲಿಂದ ಮುಂದಕ್ಕೂ ಹಾಗೇ."

ಶನಿವಾರ ಅರ್ಧ ದಿನದ ಶಾಲೆ ಬಿಟ್ಟೊಡನೆ ರಾಜೇಶನೂ ನಾನೂ ಹೊರಟೆವು. ರಾಜೇಶನ ಅಮ್ಮ ತೋರಿಸಿದ್ದು ಸರೋಜಕ್ಕನ ಮನೆಯನ್ನು. ಸರೋಜಕ್ಕ ಬೆಲ್ಲ ನೀರು ಕೊಟ್ಟು ನಕ್ಕರು. "ನಮ್ಮ ಬೆಕ್ಕಾ? ಅದು ಕಲ್ಲು ಕೊಟ್ರೂ ತಿಂದೀತು. ಬಾಬಣ್ಣನಲ್ಲಿಯ ಬೆಕ್ಕು ಅಂತ ನಾನು ಕೇಳಿದ್ದು."

ಬಾಬಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. "ನಮ್ಮಲ್ಲಿ ಬೆಕ್ಕು ಎಲ್ಲಿ ಉಂಟು ಮಾರಾಯ್ತಿ? ನಾಯಿ ಉಂಟು. ಅದಕ್ಕೆ ಮೊನ್ನೆ ಹೊಟ್ಟೆ ಸರಿ ಇರ್ಲಿಲ್ಲ. ಗಂಜಿಯೂ ಬೇಡ, ಮೀನೂ ಬೇಡ ಅಂತ ಮಲಗಿತ್ತು. ಸೊಸೈಟಿಯಲ್ಲಿ ಅದನ್ನೇ ಹೇಳಿದೆ."

ಗಂಜಿಯ ಮಾತು ಸೊಸೈಟಿಯ ಮೆಟ್ಟಿಲಲ್ಲೇ ಚೆಲ್ಲಿಹೋಗಿತ್ತು. ನಾಯಿ ದಾರಿಯಲ್ಲಿ ಬೆಕ್ಕಾಗಿತ್ತು. ಮದ್ದು ಯಾವ ಮನೆಯಲ್ಲಿ ಸೇರಿಕೊಂಡಿತೋ ಕೊನೆಗೂ ತಿಳಿಯಲಿಲ್ಲ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಬಾಬಣ್ಣನೂ ನಕ್ಕರು. ಸಫಿಯಾ ಊರು ಬಿಡುವ ವಿಷಯ ನಾನು ಹೇಳಿದಾಗ ಮಾತ್ರ ಅವರ ನಗು ನಿಂತಿತು. "ಛೆ, ನನ್ನ ಬಾಯಿಂದ ಹೊರಟದ್ದಲ್ವಾ. ನಾನೇ ಹೇಳ್ತೇನೆ" ಎಂದರು.

ಮರುದಿನ ಸೊಸೈಟಿಯಲ್ಲಿ ಎಲ್ಲರಿಗೂ ಕೇಳುವಂತೆ ನಾಯಿಯ ಹೊಟ್ಟೆಯ ಕಥೆ ಹೇಳಿದರು. ಹಾರನ್ ಕೇಳಿದಾಗ ಪಾತ್ರೆ ಹಿಡಿದು ರಸ್ತೆಯಲ್ಲಿ ಮೊದಲು ನಿಂತವರೂ ಅವರೇ. ಹಿಂದಿನಿಂದ ನನ್ನಮ್ಮ, ಏನೂ ನಡೆದೇ ಇಲ್ಲವೆಂಬಂತೆ "ಬೂತಾಯಿ ಫ್ರೆಶ್ ಉಂಟಾ?" ಎಂದರು. ಹಮೀದಾಕ ಬಾಬಣ್ಣನ ಪಾತ್ರೆಗೆ ನಾಲ್ಕು ಬೂತಾಯಿ ಹೆಚ್ಚೇ ಹಾಕಿ, "ಇದು ನಿಮ್ಮ ಬೆಕ್ಕಿಗೆ" ಎಂದರು. ಕೆಲವು ಮನೆಯವರು ಮತ್ತೆ ಯಾವತ್ತೂ ಬರಲಿಲ್ಲ. ಆದರೂ ವ್ಯಾಪಾರ ನಡೆಯಿತು, ಸಫಿಯಾ ಉಳಿದಳು.

ಈಗ ನಾನು ಮೂಡುಬಿದಿರೆಯಲ್ಲಿ ಟೀಚರ್. ಸುದ್ದಿಯನ್ನು ನಂಬುವ ಮೊದಲು ತಾರೀಕು ನೋಡಿ, ಫೋಟೋ ಎಲ್ಲಿಯದೆಂದು ಹುಡುಕಿ, ಬೇರೆ ಕಡೆ ಬಂದಿದೆಯೇ ಪರಿಶೀಲಿಸಿ ಎಂದು ಮಕ್ಕಳಿಗೆ ಕಲಿಸುತ್ತೇನೆ. ಮೊನ್ನೆ ಈ ಬೆಕ್ಕಿನ ಕಥೆ ಹೇಳಿದೆ. ಎಲ್ಲರೂ ನಕ್ಕರು, ಆಟೋ ಓಡಿಸುವವರ ಮಗಳೊಬ್ಬಳನ್ನು ಬಿಟ್ಟು. ಗಂಟೆ ಹೊಡೆದ ಮೇಲೆ ಅವಳು ಮೇಜಿನ ಹತ್ತಿರ ಬಂದಳು.

"ಟೀಚರ್, ಅಪ್ಪನ ಫೋಟೋ ಹಾಕಿ ಏನೋ ಸುಳ್ಳು ಬರೆದದ್ದು ಫೋನಿನಲ್ಲಿ ತಿರುಗ್ತಾ ಉಂಟು. ಕಳಿಸಿದವರನ್ನು ಕೇಳಿದ್ರೆ ನಮಗೂ ಬಂದದ್ದು ಅಂತಾರೆ. ನಾನು ಯಾರ ಮನೆಗೆ ಹೋಗ್ಲಿ?"

ಅವಳ ಕೈ ಹಿಡಿದುಕೊಂಡೆ.